ಪ್ಲೇರೈಟ್‌ನ ಸ್ಟೋರೇಜ್ ಸ್ಟೇಟ್ ಬಳಸಿ ನೋಡಿದ ಮೇಲೆ

ಪ್ರತಿ ಟೆಸ್ಟ್‌ಗೂ ಲಾಗಿನ್ ಪುಟ ತೆರೆದು, ಹೆಸರು, ಪಾಸ್‌ವರ್ಡ್ ಹಾಕಿ, ಮುಂದಿನ ಪುಟ ಬರಲಿ ಅಂತ ಕಾಯುವುದು ನಿಮಗೂ ಸಾಕಾಗಿದ್ದರೆ, ಬ್ರೌಸರನ್ನು ತಾನೇ ಓಡಿಸಿ ವೆಬ್‌ಸೈಟ್ ಪರೀಕ್ಷಿಸುವ ಪ್ಲೇರೈಟ್‌ನ ಸ್ಟೋರೇಜ್ ಸ್ಟೇಟನ್ನು ಖಂಡಿತ ಬಳಸಿ. ನನಗಂತೂ ತುಂಬಾ ಹಿಡಿಸಿದೆ. ಒಂದು ಸಲ ಲಾಗಿನ್ ಆದರೆ, ಬ್ರೌಸರ್‌ನಲ್ಲಿ ಲಾಗಿನ್ ಗುರುತು ಇಡುವ ಕುಕಿಗಳನ್ನೂ ಲೋಕಲ್ ಸ್ಟೋರೇಜನ್ನೂ ಒಂದು ಜೇಸನ್ ಫೈಲ್‌ನಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಪ್ರತಿ ಟೆಸ್ಟೂ ಹೊಸ ಕಾಂಟೆಕ್ಸ್ಟ್‌ನಲ್ಲೇ (ಹಿಂದಿನದೇನೂ ಉಳಿದಿರದ ಬ್ರೌಸರ್ ಪ್ರೊಫೈಲ್ ಇದ್ದಂತೆ) ಶುರುವಾದರೂ ಆ ಫೈಲ್ ಹಿಡಿದುಕೊಂಡೇ ಬರುತ್ತದೆ. ಪ್ಲೇರೈಟ್‌ನ 1.31 ಆವೃತ್ತಿಯಲ್ಲಿ ಬಂದ ಪ್ರಾಜೆಕ್ಟ್ ಡಿಪೆಂಡೆನ್ಸಿ (ಒಂದು ಗುಂಪಿನ ಟೆಸ್ಟ್ ಪಾಸಾದ ಮೇಲೆಯೇ ಇನ್ನೊಂದನ್ನು ಓಡಿಸುವುದು) ಇನ್ನೂ ಅನುಕೂಲ. ಲಾಗಿನ್ನೇ ಬೇರೆ ಸೆಟಪ್ ಪ್ರಾಜೆಕ್ಟ್ ಆಗಿರುವುದರಿಂದ, ಅದು ಕೆಟ್ಟರೆ ರಿಪೋರ್ಟ್‌ನಲ್ಲೇ ಕಾಣುತ್ತದೆ, ಉಳಿದ ಟೆಸ್ಟ್‌ಗಳು ಸುಮ್ನೆ ಓಡುವುದಿಲ್ಲ.

ಆದರೆ ಫೈಲ್ ಇದ್ದರೆ ಸೆಷನ್ (ಸರ್ವರ್‌ನಲ್ಲಿರುವ ಲಾಗಿನ್ ಸ್ಥಿತಿ) ಇದ್ದಂತೆ ಅಂದುಕೊಳ್ಳಬೇಡಿ. ನಾನು ಎಲ್ಲ ಟೆಸ್ಟ್‌ಗೂ ಒಂದೇ ಖಾತೆ ಕೊಟ್ಟಿದ್ದೆ. ಒಂದೊಂದಾಗಿ ಓಡಿಸಿದರೆ ಎಲ್ಲವೂ ಪಾಸ್. ನಾಲ್ಕು ವರ್ಕರ್ (ಒಟ್ಟೊಟ್ಟಿಗೆ ಟೆಸ್ಟ್ ಓಡಿಸುವ ಪ್ರೊಸೆಸ್‌ಗಳು) ಹಾಕಿದ ತಕ್ಷಣ ಕೆಲವು ಟೆಸ್ಟ್‌ಗಳು ಲಾಗಿನ್ ಪುಟಕ್ಕೆ ಬಂದು ಬೀಳುತ್ತಿದ್ದವು, ಅದೂ ಪ್ರತಿ ಸಲ ಬೇರೆ ಬೇರೆ ಟೆಸ್ಟ್! ಎರಡು ದಿನ ಟೈಮೌಟ್ ಜಾಸ್ತಿ ಮಾಡುತ್ತಾ ಕೂತೆ. ಕೊನೆಗೆ ನೋಡಿದರೆ ಲಾಗೌಟ್ ಪರೀಕ್ಷಿಸುವ ಟೆಸ್ಟ್ ಒಂದಿತ್ತು. ಅದು ಬಟನ್ ಒತ್ತಿದಾಗ ಸರ್ವರ್ ಆ ಸೆಷನ್ ಅಳಿಸಿಬಿಡುತ್ತದೆ, ಫೈಲ್‌ನಲ್ಲಿರುವ ಕುಕಿಗೆ ಮತ್ತೆ ಬೆಲೆಯಿಲ್ಲ, ಅಲ್ವಾ? ಈಗ ಆ ಟೆಸ್ಟ್ ಖಾಲಿ ಸ್ಟೇಟ್‌ನಿಂದ ಶುರುವಾಗಿ ತನ್ನದೇ ಖಾತೆಯಲ್ಲಿ ಲಾಗಿನ್ ಆಗುತ್ತದೆ. ಡೇಟಾ ಬದಲಿಸುವ ಟೆಸ್ಟ್‌ಗಳಿಗೆ ಪ್ಯಾರಲಲ್ ಇಂಡೆಕ್ಸ್ (ವರ್ಕರ್‌ನ ಕ್ರಮಸಂಖ್ಯೆ) ನೋಡಿ ವರ್ಕರ್‌ಗೆ ಒಂದರಂತೆ ಖಾತೆ ಕೊಟ್ಟಿದ್ದೇನೆ. ಆ ತೊಂದರೆ ಮತ್ತೆ ಬಂದಿಲ್ಲ.

ಕೊರತೆಗಳೂ ಇವೆ. ಟ್ಯಾಬ್ ಮುಚ್ಚುವವರೆಗೆ ಮಾತ್ರ ಇರುವ ಬ್ರೌಸರ್‌ನ ಸೆಷನ್ ಸ್ಟೋರೇಜ್ ಇದರಲ್ಲಿ ಉಳಿಯುವುದಿಲ್ಲ. ನಿಮ್ಮ ಆ್ಯಪ್ ಲಾಗಿನ್ ಟೋಕನನ್ನು ಅಲ್ಲಿಟ್ಟರೆ ಅದನ್ನು ನೀವೇ ಓದಿಟ್ಟು, ಪುಟ ತೆರೆಯುವ ಮೊದಲು ಇನಿಟ್ ಸ್ಕ್ರಿಪ್ಟ್‌ನಿಂದ ತುಂಬಬೇಕು. ಇಂಡೆಕ್ಸ್ಡ್‌ಡಿಬಿ (ಬ್ರೌಸರ್‌ನೊಳಗಿನ ಡೇಟಾಬೇಸ್) ಬೇಕಿದ್ದರೆ ಪ್ಲೇರೈಟ್ 1.51 ಅಥವಾ ನಂತರದ ಆವೃತ್ತಿ ಹಾಕಿಕೊಂಡು ಅದರ ಆಯ್ಕೆ ಆನ್ ಮಾಡಿ. ಇನ್ನೊಂದು, ಆ ಜೇಸನ್ ಫೈಲನ್ನು ದಯವಿಟ್ಟು ಕೋಡ್ ಇಡುವ ಗಿಟ್‌ಗೆ ಹಾಕಬೇಡಿ. ಅದು ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯೊಳಗೆ ಬರಬಹುದು.

ಇಂಥದ್ದೇ ಇನ್ನೊಂದು ಟೆಸ್ಟ್ ಸಾಧನವಾದ ಸೈಪ್ರೆಸ್‌ನ ಸೆಷನ್ ಕಮಾಂಡ್‌ನಲ್ಲಿ ವ್ಯಾಲಿಡೇಟ್ ಅಂತ ಒಂದಿದೆ. ಉಳಿಸಿಟ್ಟ ಸೆಷನ್ ಇನ್ನೂ ನಡೆಯುತ್ತದಾ ಅಂತ ನೋಡಿ, ಇಲ್ಲದಿದ್ದರೆ ಮತ್ತೆ ಲಾಗಿನ್ ಮಾಡಿಸುತ್ತದೆ. ಪ್ಲೇರೈಟ್‌ನಲ್ಲೂ ಹಾಗೊಂದು ಇರಬೇಕಿತ್ತು. ಸದ್ಯಕ್ಕೆ ನನ್ನ ಸೆಟಪ್‌ನಲ್ಲಿ ಹಳೆಯ ಫೈಲ್ ಹಿಡಿದು ಪ್ರೊಫೈಲ್ ಎಪಿಐ ಕೇಳುತ್ತೇನೆ, 401 (ಲಾಗಿನ್ ಇಲ್ಲ ಅನ್ನುವ ಉತ್ತರ) ಬಂದರೆ ಮಾತ್ರ ಹೊಸ ಲಾಗಿನ್.