ಬಿಬಿಸಿ ಮೈಕ್ರೋಗೆ ಯಾವುದು ಸರಿ: ಹಳೆಯ ಫ್ಲಾಪಿ ಡ್ರೈವ್, ಗೋಟೆಕ್ ಅಥವಾ ಎಸ್‌ಡಿ ಕಾರ್ಡ್

ಫ್ಲಾಪಿಯ ಬದಲು ಪೆನ್‌ಡ್ರೈವ್ ಬಳಸಲು ಬಿಡುವ ಗೋಟೆಕ್‌ಗೆ ಕೊಟ್ಟ ಹಣ ಸಾರ್ಥಕವಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದ ಎರಡನ್ನೂ ಇದೇ ಯಂತ್ರಕ್ಕೆ ಜೋಡಿಸಿ ನೋಡಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ಯಂತ್ರ 1980ರ ದಶಕದ ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೋ ಮಾಡೆಲ್ ಬಿ; 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಂಪ್ಯೂಟರ್ ಶಿಕ್ಷಣದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಕಂಪ್ಯೂಟರ್. ನನ್ನದು ಬೆಳಗಾವಿಯ ಶಾಲೆಯೊಂದರ ಹಳೆ ಸಾಮಾನಿನ ಹರಾಜಿನಲ್ಲಿ, 5.25 ಇಂಚಿನ ಒಂದು ಡ್ರೈವ್ ಮತ್ತು ರಟ್ಟಿನ ಪೆಟ್ಟಿಗೆಯ ತುಂಬ ಫ್ಲಾಪಿಗಳೊಂದಿಗೆ ಸಿಕ್ಕಿತು. ಡಿಸ್ಕ್ ಇಂಟರ್‌ಫೇಸ್, ಅಂದರೆ ಡ್ರೈವ್ ನಿಯಂತ್ರಿಸುವ ಇಂಟೆಲ್ 8271 ಚಿಪ್ ಮತ್ತು ಡಿಸ್ಕಿನ ಆಜ್ಞೆಗಳನ್ನು ಹೊತ್ತ ಡಿಎಫ್‌ಎಸ್ ರೋಮ್, ಅದರಲ್ಲಿ ಮೊದಲೇ ಇದ್ದವು. ಮುಂದಿನ ತೀರ್ಮಾನವೆಲ್ಲ ನಿಂತಿರುವುದು ಇದರ ಮೇಲೆ.

ಯಾವ ಡ್ರೈವ್ ಜೋಡಿಸುವುದಿದ್ದರೂ ಮೊದಲು ಯಂತ್ರದ ಪವರ್ ಸಪ್ಲೈ ಬಿಚ್ಚಿ, ಹಳದಿ ಬಣ್ಣದ ಪಾರದರ್ಶಕ ಕವಚವಿರುವ ಫಿಲ್ಟರ್ ಕೆಪಾಸಿಟರ್‌ಗಳನ್ನು ತೆಗೆದು, ಅಷ್ಟೇ ಧಾರಕತೆಯ, ಮನೆಯ ವಿದ್ಯುತ್ತಿಗೆ ನೇರವಾಗಿ ಹಾಕಬಹುದಾದ ಎಕ್ಸ್2 ದರ್ಜೆಯವನ್ನು ಹಾಕಬೇಕು. ಅವುಗಳ ಕವಚ ವಯಸ್ಸಾದಂತೆ ಬಿರುಕು ಬಿಟ್ಟು ತೇವ ಹೀರಿಕೊಳ್ಳುತ್ತದೆ. ವರ್ಷಗಳ ನಂತರ 230 ವೋಲ್ಟ್ ಕೊಟ್ಟ ದಿನ ಕೋಣೆಯ ತುಂಬ ಹೊಗೆಯಾಗುತ್ತದೆ.

ಹಳೆಯ ಡ್ರೈವ್ ಟಿಯಾಕ್ ಎಫ್‌ಡಿ-55 ಸರಣಿಯದು. ಇದರಲ್ಲಿ ಬೆಲ್ಟ್ ಇಲ್ಲ, ಮೋಟಾರೇ ಡಿಸ್ಕನ್ನು ನೇರವಾಗಿ ತಿರುಗಿಸುತ್ತದೆ. ಹೀಗಾಗಿ ರಿಪೇರಿ ಎಂದರೆ ಮುಖ್ಯವಾಗಿ ಶುಚಿಗೊಳಿಸುವ ಕೆಲಸ. ಡಿಸ್ಕನ್ನು ಓದುವ ಹೆಡ್ ಓಡಾಡುವ ಎರಡು ಸರಳುಗಳ ಮೇಲಿನ ಗ್ರೀಸ್ ಒಣಗಿ ಮೇಣದಂತೆ ಗಟ್ಟಿಯಾಗಿದ್ದರಿಂದ ಹೆಡ್ ಹೊರ ಅಂಚಿನ ಸೊನ್ನೆಯ ಟ್ರ್ಯಾಕಿನವರೆಗೆ ಹೋಗಲಾರದೆ ನಡುವೆಯೇ ಕಟಕಟ ಎನ್ನುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಅದನ್ನು ಪೂರ್ತಿ ಒರೆಸಿ, ಹೊಸ ಗ್ರೀಸನ್ನು ತೆಳುವಾಗಿ ಸವರಿದ ಮೇಲೆ ಡ್ರೈವ್ ಸರಾಗವಾಗಿ ಓಡಿತು. ಖರ್ಚು ಇಲ್ಲವೆಂದೇ ಹೇಳಬೇಕು.

ಆದರೆ ಡ್ರೈವ್ ಸರಿಯಾದ ಮಾತ್ರಕ್ಕೆ ಫ್ಲಾಪಿಗಳು ಸರಿಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬೆಳಗಾವಿಯ ಮಳೆಯಲ್ಲಿ ಕಪಾಟಿನೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ರಟ್ಟಿನ ಪೆಟ್ಟಿಗೆಯ ಗತಿ ಏನು? ಫ್ಲಾಪಿಯನ್ನು ಬೆಳಕಿಗೆ ಹಿಡಿದು, ನಡುವಿನ ರಂಧ್ರದಲ್ಲಿ ಬೆರಳಿಟ್ಟು ಮೆಲ್ಲಗೆ ತಿರುಗಿಸಿದರೆ, ಉದ್ದನೆಯ ಕಿಂಡಿಯಲ್ಲಿ ಬಿಳಿಯ ಚುಕ್ಕೆಗಳು ಒಂದೊಂದಾಗಿ ಹಾದುಹೋಗುವುದು ಕಾಣುತ್ತದೆ. ಅಂಥ ಒಂದನ್ನು ಓದಿಸಿದರೆ ‘ಡಿಸ್ಕ್ ಫಾಲ್ಟ್ 18’ ಎಂಬ ಸಂದೇಶ ಬರುತ್ತದೆ, ಅಂದರೆ ಓದಬೇಕಾದ ಸೆಕ್ಟರ್ (ಡಿಸ್ಕಿನ ಒಂದು ತುಣುಕು) ಸಿಗಲಿಲ್ಲ ಎಂದರ್ಥ. ಅಷ್ಟೇ ಅಲ್ಲದೆ ಆ ಬೂಷ್ಟು ಹೆಡ್‌ಗೆ ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯ ಮೇಲೂ ಗೀರು ಎಳೆಯುತ್ತದೆ. ಆದ್ದರಿಂದ ಪ್ರತಿ ಫ್ಲಾಪಿಗೂ ಮುನ್ನ ಹೆಡ್ ಒರೆಸಲೇಬೇಕು. ಹಳೆಯದನ್ನು ಉಳಿಸಿಕೊಳ್ಳಲು ಈ ಶ್ರಮ ಸರಿ. ಸಂಜೆ ಕುಳಿತು ಬರೆದ ಬೇಸಿಕ್ ಪ್ರೋಗ್ರಾಮ್ ಉಳಿಸಲು ಇಂಥ ಮಾಧ್ಯಮವನ್ನು ನಂಬಲಾಗದು.

ಗೋಟೆಕ್ ನಮ್ಮ ಊರಿಗೆ ಹೊಸದಲ್ಲ. ಫ್ಲಾಪಿ ಡ್ರೈವ್‌ನ ಜಾಗದಲ್ಲಿ ಕುಳಿತು ಪೆನ್‌ಡ್ರೈವ್‌ನಲ್ಲಿರುವ ಕಡತವನ್ನು ಫ್ಲಾಪಿಯಂತೆ ತೋರಿಸುವ ಈ ಸಾಧನವನ್ನು ಕಸೂತಿ ಯಂತ್ರಗಳಿಗೂ ಹಳೆಯ ಸಿಎನ್‌ಸಿ ಯಂತ್ರಗಳಿಗೂ ಹಾಕುತ್ತಾರೆ. ನನಗೂ ಇದು ಸಿಕ್ಕಿದ್ದು ಅಂಥ ಯಂತ್ರಗಳನ್ನು ರಿಪೇರಿ ಮಾಡುವವರಿಂದಲೇ, ಎರಡು ಸಾವಿರ ರೂಪಾಯಿಯೊಳಗೆ. “ಅಲ್ರೀ ಸರ್, ಇದು ಎಂಬ್ರಾಯ್ಡರಿ ಮಷಿನ್ನಿಂದು, ಮನಿ ಕಂಪ್ಯೂಟರಿಗೆ ಹೆಂಗ ಹಾಕ್ತೀರಿ?” ಎಂದು ಅವರು ಕೇಳಿದ್ದು ಸಹಜವೇ, ಏಕೆಂದರೆ ಅದರೊಳಗಿನ ಮೂಲ ತಂತ್ರಾಂಶ ಬಿಬಿಸಿಯ ಡಿಸ್ಕ್ ವಿನ್ಯಾಸವನ್ನು ಅರಿಯದು. ಕೀರ್ ಫ್ರೇಸರ್ ಅವರ ಉಚಿತ ಫ್ಲ್ಯಾಶ್‌ಫ್ಲಾಪಿ ತಂತ್ರಾಂಶವನ್ನು ತುಂಬಿದರೆ ಬಿಬಿಸಿ ಫ್ಲಾಪಿಗಳ ಪಡಿಯಚ್ಚುಗಳಾದ ಎಸ್‌ಎಸ್‌ಡಿ, ಡಿಎಸ್‌ಡಿ ಕಡತಗಳು ನೇರವಾಗಿ ನಡೆಯುತ್ತವೆ. ತುಂಬಲು ಎರಡೂ ತುದಿಯಲ್ಲಿ ಅಗಲ ಪ್ಲಗ್ ಇರುವ ಯುಎಸ್‌ಬಿ ಕೇಬಲ್ ಬೇಕು.

ತಲೆನೋವು ಕೊಟ್ಟದ್ದು ರಿಬ್ಬನ್ ಕೇಬಲ್. ಯಂತ್ರದೊಂದಿಗೆ ಬಂದ ಕೇಬಲ್‌ನ ಡ್ರೈವ್ ಬದಿಯಲ್ಲಿ ಬೋರ್ಡಿನ ಅಂಚಿಗೆ ಸಿಕ್ಕಿಸುವ ಕನೆಕ್ಟರ್ ಇದೆ. ಗೋಟೆಕ್‌ಗೆ ಬೇಕಾದದ್ದು ಎರಡು ಸಾಲಿನ 34 ಪಿನ್ನುಗಳಿಗೆ ಕೂರುವಂಥದ್ದು. ಗುಜರಿಯಲ್ಲಿ ಸುಲಭವಾಗಿ ಸಿಗುವುದು ಪಿಸಿಯ ಫ್ಲಾಪಿ ಕೇಬಲ್, ಅದರ ಕೊನೆಯ ಕನೆಕ್ಟರಿಗೆ ಸ್ವಲ್ಪ ಮುನ್ನ 10ರಿಂದ 16ರವರೆಗಿನ ತಂತಿಗಳನ್ನು ಸೀಳಿ ತಿರುಚಿರುತ್ತಾರೆ. ಪಿಸಿಯಲ್ಲಿ ಎ ಡ್ರೈವ್, ಬಿ ಡ್ರೈವ್ ಬೇರೆಯಾಗುವುದು ಈ ತಿರುವಿನಿಂದ. ಬಿಬಿಸಿಯಲ್ಲಿ ತಿರುವಿಗೆ ಅವಕಾಶವಿಲ್ಲ. ಇಲ್ಲಿ ಡ್ರೈವ್ ತನ್ನ ಸಂಖ್ಯೆಯನ್ನು ಜಂಪರ್‌ನಿಂದಲೇ, ಅಂದರೆ ಎರಡು ಪಿನ್ನುಗಳನ್ನು ಬೆಸೆಯುವ ಪುಟ್ಟ ಟೊಪ್ಪಿಗೆಯಿಂದಲೇ, ತಿಳಿಯಬೇಕು. ನನ್ನ ಗೋಟೆಕ್‌ನ ಜಂಪರ್ ಪಿಸಿಗೆ ಒಪ್ಪುವಂತೆ ಎಸ್1ರಲ್ಲಿ, ಅಂದರೆ ಡ್ರೈವ್ 1ರ ಸ್ಥಾನದಲ್ಲಿ, ಇತ್ತು. ಕೊನೆಯ ಕನೆಕ್ಟರಿಗೆ ಹಾಕಿದಾಗ ಯಂತ್ರ ಕಳಿಸಿದ ‘ಡ್ರೈವ್ 0’ ಎಂಬ ಸಂಕೇತ ತಿರುವಿನಲ್ಲಿ ಹೊರಳಿ ಗೋಟೆಕ್‌ನ ಮೋಟಾರ್ ಪಿನ್ನಿಗೆ ಹೋಗುತ್ತಿತ್ತು, ಎಸ್1 ನೋಡುತ್ತಿದ್ದ ಪಿನ್ನಿಗೆ ಏನೂ ಬರುತ್ತಿರಲಿಲ್ಲ. ಡಿಸ್ಕಿನ ಕಡತಗಳ ಪಟ್ಟಿ ತೋರಿಸುವ ‘*ಕ್ಯಾಟ್’ ಎಂದು ಬರೆದು ರಿಟರ್ನ್ ಒತ್ತಿದರೆ ಕರ್ಸರ್ ಮುಂದಿನ ಸಾಲಿಗೆ ಬಂದು, ಬ್ರೇಕ್ ಒತ್ತುವವರೆಗೂ ಅಲ್ಲೇ ಕುಳಿತಿರುತ್ತಿತ್ತು. ದೋಷ ಸಂದೇಶವೂ ಇಲ್ಲದ್ದರಿಂದ ಕೆಟ್ಟದ್ದು ಚಿಪ್ಪೋ, ಗೋಟೆಕ್ಕೋ, ಪೆನ್‌ಡ್ರೈವೋ ಎಂಬ ಅನುಮಾನ ಎಲ್ಲದರ ಮೇಲೂ ಹರಿದಾಡುತ್ತದೆ.

ಇದಕ್ಕೆ ಹೊಸ ಕೇಬಲ್ ತರಿಸಬೇಕಿಲ್ಲ. ಹಳೆಯ ಪಿಸಿ ಕೇಬಲ್‌ಗಳಲ್ಲಿ ಐದು ಕನೆಕ್ಟರ್ ಇರುವ ಒಂದು ಬಗೆ ಇದೆ: ಒಂದು ತುದಿಯಲ್ಲಿ ಮದರ್‌ಬೋರ್ಡಿನದು, ನಡುವೆ ಎರಡು, ತಿರುವಿನ ಆಚೆ ಎರಡು. ನಡುವಿನ ಜೋಡಿಯಲ್ಲಿ ಒಂದು ಪಿನ್ನುಗಳಿಗೆ ಕೂರುತ್ತದೆ, ಇನ್ನೊಂದು ಅಂಚಿಗೆ ಕೂರುತ್ತದೆ, ಮತ್ತು ಇವೆರಡೂ ತಿರುವಿಗೆ ಮುಂಚೆಯೇ ಇವೆ. ಮದರ್‌ಬೋರ್ಡಿನ ತುದಿಯನ್ನು ಬಿಬಿಸಿಯ ಹೊಟ್ಟೆಯಡಿಯ ಡಿಸ್ಕ್ ಸಾಕೆಟ್ಟಿಗೆ ಒತ್ತಿ, ನಡುವಿನ ಒಂದಕ್ಕೆ ಗೋಟೆಕ್, ಇನ್ನೊಂದಕ್ಕೆ ಹಳೆಯ ಟಿಯಾಕ್ ಹಾಕಿ, ಗೋಟೆಕ್‌ನ ಜಂಪರನ್ನು ಎಸ್0ಗೂ ಟಿಯಾಕ್‌ನದನ್ನು ಡಿಎಸ್1ಕ್ಕೂ ಸರಿಸಿದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಕನೆಕ್ಟರುಗಳ ನಡುವೆ ಕೆಲವೇ ಬೆರಳುಗಳ ಅಂತರವಿರುವುದರಿಂದ ಎರಡು ಸಾಧನಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಇಡಬೇಕಾಗುತ್ತದೆ, ನೋಡಲು ಚೆಂದವಿಲ್ಲ. ಎರಡಕ್ಕೂ ವಿದ್ಯುತ್ತು ಯಂತ್ರದ ಅಡಿಯಲ್ಲಿರುವ ಹೆಚ್ಚುವರಿ ಸಾಕೆಟ್ಟಿನಿಂದಲೇ ಸಾಕು. ಗೋಟೆಕ್‌ಗೆ 5 ವೋಲ್ಟ್ ಮಾತ್ರ ಬೇಕು, 12 ವೋಲ್ಟ್ ಹೋಗುವ ತಂತಿ ಯಾವುದೆಂದು ಮೀಟರ್ ಹಿಡಿದು ನೋಡಿಯೇ ಜೋಡಿಸುವುದು ಕ್ಷೇಮ.

ಗೋಟೆಕ್ ನನಗೆ ಒಲಿದದ್ದು ಈ ಜೋಡಣೆಯ ನಂತರವೇ. ಬೂಷ್ಟು ಒರೆಸಿದ ಫ್ಲಾಪಿಯನ್ನು ಟಿಯಾಕ್‌ಗೆ ಹಾಕಿ ‘*ಎನೇಬಲ್’, ಅದರ ಹಿಂದೆಯೇ ‘*ಬ್ಯಾಕಪ್ 1 0’ ಎಂದು ಬರೆದರೆ ಇಡೀ ಫ್ಲಾಪಿ ಪೆನ್‌ಡ್ರೈವ್‌ಗೆ ಇಳಿಯುತ್ತದೆ. ನಡುವೆ ಆಧುನಿಕ ಕಂಪ್ಯೂಟರ್ ಬೇಕಾಗುವುದೇ ಇಲ್ಲ. ಬ್ಯಾಕಪ್ ನಡೆಯುವಾಗ ಮೆಮೊರಿಯಲ್ಲಿದ್ದ ಪ್ರೋಗ್ರಾಮ್ ಅಳಿದುಹೋಗುತ್ತದೆ ಎಂಬುದನ್ನು ಮರೆಯಬಾರದು. ನಡುವೆ ಒಂದು ಸೆಕ್ಟರ್ ಕೆಟ್ಟಿದ್ದರೆ ‘*ಕಾಪಿ’ ಬಳಸಿ ಉಳಿದ ಕಡತಗಳನ್ನು ಒಂದೊಂದಾಗಿ ಎತ್ತಬಹುದು.

ಎಸ್‌ಡಿ ಕಾರ್ಡಿನ ದಾರಿ ಬೇರೆ. ಇದು ಹೊರಗಿನ ಸಾಧನಗಳಿಗೆಂದು ಯಂತ್ರದ ಅಡಿಯಲ್ಲಿರುವ ಯೂಸರ್ ಪೋರ್ಟಿಗೆ ಸಿಕ್ಕಿಸುವ ಚಿಕ್ಕ ಬೋರ್ಡು. ಎಂಎಂಎಫ್‌ಎಸ್ ಎಂಬ ರೋಮ್ ಅದನ್ನು ನಡೆಸುತ್ತದೆ, ಕಾರ್ಡಿನ ಮೇಲಿನ ಒಂದೇ ಕಡತದಲ್ಲಿ 511 ಡಿಸ್ಕುಗಳು ಹಿಡಿಯುತ್ತವೆ. ಫ್ಲಾಪಿಯ ವೇಗದ ಮಿತಿ ಇದಕ್ಕಿಲ್ಲದ್ದರಿಂದ ಮೂರರಲ್ಲಿ ಇದೇ ಚುರುಕು, ಶಬ್ದವೂ ಇಲ್ಲ. ಆ ದೊಡ್ಡ ಕಡತ ಕಾರ್ಡಿನಲ್ಲಿ ತುಂಡು ತುಂಡಾಗದೆ ಒಂದೇ ಸಾಲಾಗಿ ಕೂರಬೇಕು, ಹೀಗಾಗಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡಿಗೆ ಮೊದಲು ಅದನ್ನೇ ಹಾಕಬೇಕು. ರೋಮ್ ಚಿಪ್ ಬರೆದುಕೊಡುವವರು ಊರಿನಲ್ಲಿ ನನಗೆ ಸಿಗದೆ ಅಂಚೆಯಲ್ಲಿ ತರಿಸಬೇಕಾಯಿತು. ಇದಕ್ಕಿಂತ ದೊಡ್ಡ ಅಡ್ಡಿಯೆಂದರೆ, ಅಣ್ಣನ ಮಕ್ಕಳಿಗೆ ಬೇಸಿಕ್ ಕಲಿಸಲು ದೀಪ ಹೊತ್ತಿಸುವ ರಿಲೇ ಬೋರ್ಡನ್ನು ನಾನು ಅದೇ ಯೂಸರ್ ಪೋರ್ಟಿಗೆ ಹಾಕಿದ್ದೇನೆ. ಒಂದನ್ನು ಕಿತ್ತು ಇನ್ನೊಂದನ್ನು ಹಾಕುವುದು, ಅದೂ ಯಂತ್ರವನ್ನು ಪ್ರತಿ ಸಲ ಮಗುಚಿ ಹಾಕುವುದು, ನನ್ನಿಂದಾಗದ ಕೆಲಸ. ಡಿಸ್ಕ್ ಚಿಪ್ಪನ್ನು ನೇರವಾಗಿ ಮುಟ್ಟುವ, ನಕಲು ತಡೆಯಿರುವ ಆಟಗಳೂ ಇದರಲ್ಲಿ ನಡೆಯುವುದಿಲ್ಲ.

ಕ್ಯಾಸೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ: 1200 ಬಾಡ್ (ಸೆಕೆಂಡಿಗೆ 1200 ಬಿಟ್) ವೇಗದಲ್ಲಿ 20 ಕೆಬಿ ಬರಲು ಮೂರು ನಿಮಿಷಕ್ಕೂ ಹೆಚ್ಚು ಬೇಕು.

ನನ್ನ ಯಂತ್ರದಲ್ಲಿ 8271 ಇಲ್ಲದೆ ಇದ್ದಿದ್ದರೆ ತೀರ್ಮಾನ ತಲೆಕೆಳಗಾಗುತ್ತಿತ್ತು. ಆ ಚಿಪ್ ಈಗ ಹೊಸದಾಗಿ ತಯಾರಾಗುವುದಿಲ್ಲ, ಇಡೀ ಇಂಟರ್‌ಫೇಸ್ ಹೊಂದಿಸುವ ಖರ್ಚಿನ ಮುಂದೆ ಎಸ್‌ಡಿ ಬೋರ್ಡು ಅಗ್ಗ. ಹಳೆಯ ಫ್ಲಾಪಿಗಳ ಹಂಗಿಲ್ಲದವರು, ಆಟವಾಡಲು ಮಾತ್ರ ಯಂತ್ರ ಇಟ್ಟುಕೊಂಡವರು ಅದನ್ನೇ ಕೊಳ್ಳಲಿ. ಇಂಟರ್‌ಫೇಸ್ ಇದ್ದವರು ಗೋಟೆಕ್ ಕೊಂಡು, ಹಳೆಯ ಡ್ರೈವ್‌ಗೆ ಗ್ರೀಸ್ ಹಚ್ಚಿ, ಗುಜರಿಯಲ್ಲಿ ಐದು ಕನೆಕ್ಟರಿನ ಕೇಬಲ್ ಹುಡುಕಲಿ. ನಕಲು ಇಳಿಸುವ ಕೆಲಸವನ್ನು ಮಾತ್ರ ಮಾರ್ಚ್ ಏಪ್ರಿಲ್‌ನ ಒಣ ಹವೆಯಲ್ಲಿ ಇಟ್ಟುಕೊಳ್ಳುವುದು ಲೇಸು.