ಹಳೆಯ ಮನೆಯ ಜಿಪ್ಸಂ ಗೋಡೆಗೆ ಸ್ಯಾಂಡರ್ ಹಿಡಿಯುವ ಮುನ್ನ

ನಮ್ಮ ಮನೆ 1970ರ ಸುಮಾರಿಗೆ ಕಟ್ಟಿದ್ದು. ಒಳಗೋಡೆಗಳೆಲ್ಲ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಂ ಬೋರ್ಡ್. ನಡುಮನೆಯಲ್ಲಿ ಎರಡು ಬೋರ್ಡ್ ಕೂಡುವ ಜಾಗ ಮೇಲಿಂದ ಕೆಳಗಿನವರೆಗೂ ಉಬ್ಬಿಕೊಂಡಿತ್ತು. ಸಂಜೆ ದೀಪ ಹಾಕಿದರೆ ಪಕ್ಕದಿಂದ ಬೀಳುವ ಬೆಳಕಿಗೆ ಕಣ್ಣಿಗೆ ಹೊಡೆಯುತ್ತಿತ್ತು. ಉಜ್ಜಿದರೆ ಮಟ್ಟವಾಗುತ್ತದೆ ಎಂದುಕೊಂಡು ಒಂದು ಭಾನುವಾರ ಸ್ಯಾಂಡರ್ (ಗೋಡೆ ಉಜ್ಜುವ ಯಂತ್ರ) ಹಿಡಿದೆ. ಮುಖಕ್ಕೆ ಬಟ್ಟೆಯ ಮಾಸ್ಕ್ ಬಿಟ್ಟರೆ ಬೇರೇನೂ ಇಲ್ಲ.

ಒಂದು ಗಂಟೆಯಲ್ಲಿ ಮನೆಯೆಲ್ಲ ಬಿಳಿ ಧೂಳು. ಬೋರ್ಡಿನ ಮೇಲಿನ ಕಾಗದವೂ ಹರಿದು ಕಂದು ಪದರ ಕಾಣಿಸಿತು. ಉಬ್ಬು ಮಾತ್ರ ಇದ್ದಲ್ಲೇ ಇತ್ತು. ಪಕ್ಕದ ತಗ್ಗಿಗೆ ಒಂದೇ ಸಲ ಬೆರಳು ದಪ್ಪ ಜಾಯಿಂಟ್ ಕಾಂಪೌಂಡ್, ಅಂದರೆ ಬೋರ್ಡುಗಳ ಸಂದು ಮುಚ್ಚುವ ಲೇಪ, ಮೆತ್ತಿದೆ. ಅದು ಒಣಗುತ್ತಾ ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು.

ಆಮೇಲೆ ಕರೆಸಿದ ಬಡಗಿ ಗೋಡೆ ಮುಟ್ಟುವ ಮೊದಲೇ ಕೇಳಿದ್ದು, ‘ಮನೆ ಎಷ್ಟು ವರ್ಷದ್ದು?’ ಉತ್ತರ ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು. ಆ ಕಾಲದ ಜಾಯಿಂಟ್ ಕಾಂಪೌಂಡಿಗೆ ಬಿರುಕು ಬಿಡದಿರಲಿ ಎಂದು ಆಸ್ಬೆಸ್ಟಾಸ್ (ಕಲ್ನಾರು) ಬೆರೆಸುತ್ತಿದ್ದರಂತೆ. ಅಮೆರಿಕದಲ್ಲಿ ಅಂಥ ಕಾಂಪೌಂಡನ್ನು ನಿಷೇಧಿಸಿದ್ದೇ 1977ರಲ್ಲಿ. ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಿದೆವು. ಆಸ್ಬೆಸ್ಟಾಸ್ ಇದೆ ಎಂದೇ ವರದಿ ಬಂತು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಉಜ್ಜುವಾಗ ಮಗಳು ಪಕ್ಕದ ಕೋಣೆಯಲ್ಲೇ ಮಲಗಿದ್ದಳು. ಆಸ್ಬೆಸ್ಟಾಸ್ ಎಳೆಗಳು ಕಣ್ಣಿಗೆ ಕಾಣುವಂಥವಲ್ಲ. ಶ್ವಾಸಕೋಶಕ್ಕೆ ಹೊಕ್ಕರೆ ಅವುಗಳಿಂದಾಗುವ ಕಾಯಿಲೆ ಹತ್ತಾರು ವರ್ಷ ಕಳೆದ ಮೇಲೆ ತಲೆಯೆತ್ತುತ್ತದೆ. ಒಂದು ದಿನದ ಧೂಳಿನಿಂದ ಅಪಾಯ ಕಡಿಮೆ ಎಂದು ವೈದ್ಯರು ಧೈರ್ಯ ಹೇಳಿದರು. ಆದರೂ ಮನಸ್ಸಿನ ಭಾರ ಇಳಿದಿಲ್ಲ. ಅದರ ಮೇಲೆ ನಾನು ಪೊರಕೆಯಲ್ಲಿ ಗುಡಿಸಿ, ಸಾಮಾನ್ಯ ವ್ಯಾಕ್ಯೂಮ್‌ ಕೂಡ ಹಾಕಿದ್ದೆ. ಎರಡರಿಂದಲೂ ಎಳೆಗಳು ಮತ್ತೆ ಗಾಳಿಗೆ ಏಳುತ್ತವೆ. ಪರಿಣತರು ಬಂದು ಶುಚಿ ಮಾಡುವಷ್ಟರಲ್ಲಿ ಪರದೆ, ಜಮಖಾನೆ, ಸೋಫಾ ಎಲ್ಲ ಹೊರಗೆ ಹೋದವು.

ಇಷ್ಟೆಲ್ಲ ಆದಮೇಲೆ ಗೊತ್ತಾಯಿತು, ಉಬ್ಬಿಗೆ ಕಾಂಪೌಂಡ್ ಕಾರಣವೇ ಅಲ್ಲ. ಹಿಂದಿನ ಮರದ ಕಂಬವೇ ಬಾಗಿತ್ತು. ಉದ್ದನೆಯ ರಸಮಟ್ಟ ಇಟ್ಟು ನೋಡಿದ್ದರೆ ಎರಡೇ ನಿಮಿಷದಲ್ಲಿ ತಿಳಿಯುತ್ತಿತ್ತು. ಅಂಥ ಉಬ್ಬನ್ನು ಕೆರೆದು ಇಳಿಸಲಾಗದು. ಅದರ ಎರಡೂ ಬದಿಗೆ ಅಗಲವಾಗಿ, ತೆಳುವಾಗಿ, ಪದರದ ಮೇಲೆ ಪದರ ಹಚ್ಚುತ್ತಾ ಇಳಿಜಾರು ಮಾಡಬೇಕು. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಚ್ಚಬಾರದು. ಬಕೆಟ್ಟಿನಲ್ಲಿ ಬರುವ ಸಿದ್ಧ ಕಾಂಪೌಂಡಿಗೆ ಸಾಮಾನ್ಯವಾಗಿ 24 ಗಂಟೆ ಬೇಕು.

ಮನೆ 1980ಕ್ಕಿಂತ ಹಳೆಯದಾದರೆ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಗೋಡೆ ಮುಟ್ಟಿ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು, ಅದನ್ನೂ ನೋಡಿಸಿ. ಆಸ್ಬೆಸ್ಟಾಸ್ ಇದ್ದ ಮಾತ್ರಕ್ಕೆ ಗೋಡೆ ಒಡೆಸಬೇಕಾಗಿಲ್ಲ. ಕೆದಕದೆ ಗಟ್ಟಿಯಾಗಿರುವ ಗೋಡೆಯಿಂದ ಧೂಳೇಳುವುದಿಲ್ಲ. ಎಷ್ಟೋ ಕಡೆ ಅದನ್ನು ಹಾಗೇ ಬಿಟ್ಟು ಪರಿಣತರ ಕೈಯಲ್ಲಿ ಮೇಲೆ ಹೊಸ ಬೋರ್ಡ್ ಮುಚ್ಚಿಸುತ್ತಾರೆ.

ಈಗಾಗಲೇ ಉಜ್ಜಲು ಶುರುಮಾಡಿದ್ದರೆ ಈ ಕ್ಷಣವೇ ನಿಲ್ಲಿಸಿ. ಫ್ಯಾನ್ ಆರಿಸಿ, ಕೋಣೆಯ ಬಾಗಿಲು ಹಾಕಿ, ಮಕ್ಕಳನ್ನು ಅತ್ತ ಬಿಡಬೇಡಿ. ಪರೀಕ್ಷೆಯ ವರದಿ ಬರುವವರೆಗೆ ಪೊರಕೆ ಮುಟ್ಟಬೇಡಿ.