ಬಾಡು ಬಿಟ್ಟವನ ನಾಲ್ಕು ಗಂಟೆಯ ಹಸಿವು ಮತ್ತು ವಿಜಯನಗರದ ಒಂದು ಖಾನಾವಳಿ

ಮಂಡ್ಯ ಸೀಮೆಯ ಮನೆಯಲ್ಲಿ ಮುದ್ದೆ, ಬಾಡಿನ ಸಾರು ಉಂಡು ಬೆಳೆದ ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಮಾಂಸ ಬಿಟ್ಟೆ. ಬಿಟ್ಟ ಕಾರಣ ಮನೆಯೊಳಗಿನದು, ಇಲ್ಲಿ ಬೇಡ. ಮೊದಲ ಒಂದು ತಿಂಗಳು ಕಚೇರಿಯ ಪಕ್ಕದ ದರ್ಶಿನಿಯಲ್ಲಿ ಅನ್ನ, ತಿಳಿಸಾರು, ಒಂದು ಹಿಡಿ ಎಲೆಕೋಸಿನ ಪಲ್ಯ ಮತ್ತು ಹಪ್ಪಳದ ಊಟ ಮಾಡುತ್ತಿದ್ದೆ. ಎರಡನೆಯ ಸಲ ಅನ್ನ ಹಾಕಿಸಿಕೊಂಡು ಹೊಟ್ಟೆ ಬಿರಿಯುವಂತೆ ಉಂಡರೂ ನಾಲ್ಕು ಗಂಟೆಯ ಹೊತ್ತಿಗೆ ಎದುರಿನ ಕಡತದ ಅಕ್ಷರ ಮಸುಕಾಗುವಷ್ಟು ಹಸಿವಾಗುತ್ತಿತ್ತು. ಆಗ ಎರಡು ಬೋಂಡ, ಸಕ್ಕರೆ ಮುಂದಾದ ಚಹಾ, ಅದರ ಹಿಂದೆಯೇ ಬಿಸ್ಕತ್ತು. "ಸೊಪ್ಪು ಸದೆ ತಿಂದ್ರೆ ಎಷ್ಟೊತ್ತು ತಡೀತದಪ್ಪ ಹೊಟ್ಟೆ" ಎಂದು ಊರಿನಲ್ಲಿ ಅಣ್ಣ ನಕ್ಕಾಗ ನನ್ನಲ್ಲಿ ಉತ್ತರವಿರಲಿಲ್ಲ. ತೂಕವಂತೂ ಎರಡು ಕೆ.ಜಿ. ಏರಿತ್ತು.

ಈ ಸ್ಥಿತಿಯಲ್ಲಿದ್ದಾಗ ವಿಜಯಪುರದ ಸಹೋದ್ಯೋಗಿಯೊಬ್ಬರು ಬೆಂಗಳೂರಿನ ವಿಜಯನಗರದ ಅಡ್ಡರಸ್ತೆಯೊಂದರಲ್ಲಿರುವ ಉತ್ತರ ಕರ್ನಾಟಕದ ಖಾನಾವಳಿಗೆ ಕರೆದೊಯ್ದರು. ನಾಲ್ಕು ತಿಂಗಳಿಂದ ಅಲ್ಲಿಯೇ ಊಟ ಮಾಡುತ್ತಿರುವುದರಿಂದ ಇಷ್ಟು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಒಂದು ಊಟಕ್ಕೆ 110 ರೂಪಾಯಿ. 26 ಊಟದ ತಿಂಗಳ ಕಾರ್ಡು ಮಾಡಿಸಿದರೆ 2,500.

ಒಳಗೆ ಆರು ಮೇಜುಗಳು, ಅವುಗಳಾಚೆ ಅಡುಗೆಮನೆ. ರೊಟ್ಟಿ ಬಡಿಯುವ ಸದ್ದು ಬಾಗಿಲಿನಿಂದಲೇ ಕೇಳಿಸುತ್ತದೆ. ಕುದಿನೀರು ಹೊಯ್ದು ನಾದಿದ ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟುತ್ತ, ತಿರುಗಿಸುತ್ತ, ಅಂಚು ಒಡೆಯದಂತೆ ಹರಡಿ, ಹೆಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನು ಸವರುತ್ತಾರೆ. ಆ ನೀರು ಆರಿದ ಮೇಲೆ ಮಗುಚಿ, ಕೊನೆಗೆ ಕೆಂಡದ ಬದಿಗೆ ಒಡ್ಡಿದಾಗ ರೊಟ್ಟಿ ಉಬ್ಬುತ್ತದೆ. ತಟ್ಟೆಯಲ್ಲಿ ಅಂಥ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳು ಅಥವಾ ಹೆಸರು ಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಎಂದರೆ ಅಲ್ಲಿ ಚಟ್ನಿಪುಡಿ), ಗಟ್ಟಿ ಮೊಸರು, ಹಸಿ ಮೆಂತ್ಯಸೊಪ್ಪು ಮತ್ತು ಮೂಲಂಗಿಯ ಪಚಡಿ, ಒಂದು ಹೋಳು ನಿಂಬೆ ಬರುತ್ತವೆ. ಬುಧವಾರ ಹುಳಿಯಾದ ಪುಂಡಿ ಸೊಪ್ಪಿನ ಪಲ್ಯ, ಶನಿವಾರ ಕಡಲೆಹಿಟ್ಟಿನ ಜುಣಕ. ಅನ್ನ, ಕಟ್ಟಿನ ಸಾರು ಇವೆಲ್ಲದರ ಆಮೇಲೆ.

ಮೊದಲ ದಿನ ನಾನು ಅಭ್ಯಾಸದಂತೆ ಅನ್ನವನ್ನೇ ಮೊದಲು ಕೇಳಿದೆ. ಬಡಿಸುತ್ತಿದ್ದ ಅಕ್ಕ ಒಪ್ಪಲಿಲ್ಲ. "ಅನ್ನ ಆಮ್ಯಾಲ ತಗೋರಿ ಸರ, ಮೊದಲ ಕಾಳಿನ ಪಲ್ಯ ಮುಗಸ್ರಿ" ಎಂದು ಇನ್ನೊಂದು ಸೌಟು ಹಾಕಿ ಹೋದರು. ಅಂದು ಸಂಜೆ ಆರೂವರೆಗೆ ಬಸ್ಸು ಹತ್ತಿದಾಗ, ಬೋಂಡದ ಅಂಗಡಿಯನ್ನು ನೋಡದೆ ದಾಟಿ ಬಂದಿದ್ದೇನೆಂಬುದು ನೆನಪಾಯಿತು.

ಇದರಲ್ಲಿ ಪವಾಡವೇನೂ ಇಲ್ಲ ಎಂಬುದು ಮನೆಯಲ್ಲಿ ಲೆಕ್ಕ ಹಾಕಿದಾಗ ತಿಳಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, 68 ಕೆ.ಜಿ. ತೂಗುವ ನನಗೆ ಅದು ಸುಮಾರು 56 ಗ್ರಾಂ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಅಷ್ಟೇ ನಾರು ಇದೆ. ಎರಡು ದೊಡ್ಡ ರೊಟ್ಟಿ, ಕಾಳಿನ ಪಲ್ಯ, ಹಿಂಡಿ, ಮೊಸರು ಎಲ್ಲವನ್ನೂ ನನ್ನ ಅಂದಾಜಿನಲ್ಲಿ ಕೂಡಿಸಿದರೆ 25 ಗ್ರಾಮಿಗೆ ಕಡಿಮೆಯಾಗುವುದಿಲ್ಲ, ಅಂದರೆ ದಿನದ ಅಗತ್ಯದ ಹತ್ತಿರಹತ್ತಿರ ಅರ್ಧ. ದರ್ಶಿನಿಯ ಆ ಊಟದಲ್ಲಿ ಇದರ ಅರ್ಧವೂ ಇದ್ದಿರಲಾರದು. ನಾನು ಮಾಡಿದ್ದ ತಪ್ಪೆಂದರೆ ಹಳೆಯ ಊಟದಿಂದ ಬಾಡನ್ನು ಎತ್ತಿಟ್ಟು, ಅದರ ಜಾಗಕ್ಕೆ ಇನ್ನಷ್ಟು ಅನ್ನ ಸುರಿದುಕೊಂಡದ್ದು. ಖಾನಾವಳಿಯ ತಟ್ಟೆಯಾದರೋ ಯಾವುದನ್ನೂ ಕಳೆದು ಮಾಡಿದ್ದಲ್ಲ; ಬಿಸಿಲಿನಲ್ಲಿ ಹೊಲ ಗೇಯುವವರ ಹೊಟ್ಟೆಗೆಂದು ಕಾಳು, ಶೇಂಗಾ, ರೊಟ್ಟಿಗಳನ್ನೇ ನಂಬಿ ಕಟ್ಟಿದ ಊಟ ಅದು. (ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳಕ್ಕೆ ಬಂದಿರುವ ಹೊಸ ಮರ್ಯಾದೆಯನ್ನು ಈ ಅಕ್ಕ ಗಮನಿಸಿದಂತಿಲ್ಲ, ಗೋಡೆಯ ಮೇಲೆ ಅದರ ಫಲಕವೂ ಇಲ್ಲ, ದರದಲ್ಲಿ ಅದರ ಬಿಸಿಯೂ ಇಲ್ಲ.) ನಿಂಬೆಯ ಹೋಳನ್ನು ನಾನು ಮೊದಲು ಬದಿಗಿಡುತ್ತಿದ್ದೆ. ಕಾಳು ಸೊಪ್ಪುಗಳಲ್ಲಿನ ಕಬ್ಬಿಣ ಮೈಗೆ ಹತ್ತಲು ಹುಳಿ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿಯುವ ಚಹಾ ಅಡ್ಡಿಯಾಗುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಹಿಂಡಿಕೊಳ್ಳುತ್ತಿದ್ದೇನೆ. ಬಿ12 ಜೀವಸತ್ವ ಕಾಳುಗಳಲ್ಲಿ ಇಲ್ಲವಾದ್ದರಿಂದ ಮೊಸರನ್ನೂ ಬಿಡುವುದಿಲ್ಲ.

ಕುಂದುಗಳೂ ಇವೆ. ಎಣ್ಣೆಗಾಯಿಗೆ ಹೆಸರಿಗೆ ತಕ್ಕಂತೆ ಎಣ್ಣೆ ಹಾಕಬೇಕು, ನಿಜ. ಆದರೆ ಬದನೆಕಾಯಿ ಮುಳುಗುವಷ್ಟು ಬೇಕಿಲ್ಲ. ಸಾರಿಗೆ ಉಪ್ಪು ಕೆಲವು ದಿನ ಕೈ ಮೀರುತ್ತದೆ. ಕೈತೊಳೆಯುವ ಜಾಗ ಸದಾ ಜಾರುತ್ತದೆ, ಈ ವಿಷಯವನ್ನು ಎರಡು ಸಲ ಹೇಳಿದರೂ ಬದಲಾಗಿಲ್ಲ. ಪಾರ್ಸೆಲ್ ತರಿಸುವುದು ದಂಡ: ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲವಾದ್ದರಿಂದ ಆರಿದ ಬಿಸಿರೊಟ್ಟಿ ಮಡಿಸಿದಲ್ಲೇ ಮುರಿಯುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಿದರೆ ಚರ್ಮದಂತಾಗುತ್ತದೆ. ಮನೆಗೇ ಬೇಕೆಂದರೆ ಅವರಲ್ಲಿಯೇ ಸಿಗುವ ಕಡಕ್ ರೊಟ್ಟಿಯ ಕಟ್ಟು ಒಯ್ಯುವುದು ಮೇಲು. ಅದು ವಾರಗಟ್ಟಲೆ ಕೆಡುವುದಿಲ್ಲ, ಮೊಸರು ಮತ್ತು ಹಿಂಡಿಯ ಜೊತೆ ರಾತ್ರಿಯ ಹಸಿವಿಗೂ ಸಾಕಾಗುತ್ತದೆ.

ಹೊಸಬರು ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗುವುದು ಒಳ್ಳೆಯದು. ಎರಡರ ಮೇಲೆ ಕಾಳಿನ ಪಲ್ಯ ಮುಗಿದು ಅದರ ಬದಲು ಆಲೂಗಡ್ಡೆ ಬಡಿಸುತ್ತಾರೆ. ಅಂಥ ದಿನ ನಾನು ಅದೇ ಬೋಂಡದ ಅಂಗಡಿಯ ಮುಂದೆ ನಿಂತದ್ದುಂಟು. ಭಾನುವಾರ ರಾತ್ರಿ ರಜೆ.